ಕೈ ಎತ್ತಿದರೆ ಎಷ್ಟು ಅಂಕ?

ಹೆಗಲು ನೋವೆಂದು ಆಸ್ಪತ್ರೆಗೆ ಹೋದವರಿಗೆ ಈ ಪರೀಕ್ಷೆ ಪರಿಚಿತ. ವೈದ್ಯರು ಅಥವಾ ಫಿಸಿಯೋಥೆರಪಿಯವರು ಮೊದಲು ‘ಕೈ ಮೇಲೆತ್ತಿ’ ಎನ್ನುತ್ತಾರೆ. ಆಮೇಲೆ ‘ನೀವು ಸುಮ್ಮನಿರಿ’ ಎಂದು ತಾವೇ ಆ ಕೈಯನ್ನು ಹಿಡಿದೆತ್ತಿ ನೋಡುತ್ತಾರೆ. ಕೊನೆಗೆ ಎತ್ತಿದ ತೋಳನ್ನು ಕೆಳಕ್ಕೆ ಒತ್ತುತ್ತ ‘ಬಿಡಬೇಡಿ, ತಡೆಯಿರಿ’ ಎನ್ನುತ್ತಾರೆ. ಇಷ್ಟಾದ ಮೇಲೆ ಚೀಟಿಯಲ್ಲಿ ಎರಡು ಬಗೆಯ ಅಂಕಿಗಳು ಬೀಳುತ್ತವೆ. ಒಂದು ಡಿಗ್ರಿಗಳಲ್ಲಿ, ಇನ್ನೊಂದು ಐದಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಯಂತ್ರವಿಲ್ಲ, ವಿದ್ಯುತ್ತೂ ಬೇಕಿಲ್ಲ. ಆದರೆ ಕೆಲವೇ ನಿಮಿಷಗಳ ಈ ಪರೀಕ್ಷೆಯ ಹಿಂದೆ ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಅದು ಬೆಳೆದದ್ದು ಒಂದು ಸಾಂಕ್ರಾಮಿಕ ರೋಗದ ಮತ್ತು ಎರಡು ಮಹಾಯುದ್ಧಗಳ ನೆರಳಿನಲ್ಲಿ.

ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಹೆಚ್ಚು ಸ್ವತಂತ್ರವಾಗಿ ತಿರುಗುವ ಕೀಲು ಹೆಗಲಿನದು. ಸೊಂಟದಲ್ಲಿ ತೊಡೆ ಮೂಳೆಯ ಗುಂಡು ಆಳವಾದ ಬಟ್ಟಲಿನಲ್ಲಿ ಕುಳಿತಿದೆ. ಹೆಗಲಿನಲ್ಲಾದರೋ ತೋಳು ಮೂಳೆಯ ದೊಡ್ಡ ಗುಂಡು ತಟ್ಟೆಯಂಥ ಚಿಕ್ಕ ತಗ್ಗಿಗೆ ಆತುಕೊಂಡಿದೆ, ಅಷ್ಟೆ. ಅದನ್ನು ಜಾರದಂತೆ ಹಿಡಿದಿಡುವ ಹೊಣೆಯಲ್ಲಿ ದೊಡ್ಡ ಪಾಲು ಸುತ್ತಲಿನ ಸ್ನಾಯುಗಳದು. ತೋಳನ್ನು ಪೂರ್ತಿ ಮೇಲೆತ್ತಿದರೆ ಸುಮಾರು 180 ಡಿಗ್ರಿ. 1944ರಲ್ಲಿ ಅಮೆರಿಕದ ಇನ್ಮನ್, ಸಾಂಡರ್ಸ್ ಮತ್ತು ಅಬಟ್ ತೋರಿಸಿಕೊಟ್ಟಂತೆ ಇದರಲ್ಲಿ ಮೂರನೆಯ ಎರಡು ಪಾಲು ಮಾತ್ರ ತೋಳಿನ ಕೀಲಿನದು. ಉಳಿದ ಒಂದು ಪಾಲು ಬೆನ್ನ ಮೇಲಿನ ಹೆಗಲ ಹಲಗೆ ಮೂಳೆ ಜರುಗುವುದರಿಂದ ಬರುತ್ತದೆ. ಹೀಗಾಗಿ ಹೆಗಲು ಬಲು ಸುಲಭವಾಗಿ ಮೋಸ ಮಾಡಬಲ್ಲದು. ಕೀಲು ಬಿಗಿದವರು ಭುಜ ಹಾರಿಸಿ, ಮೈ ಓರೆ ಮಾಡಿ ‘ಎತ್ತಿದೆನಲ್ಲ’ ಎನ್ನುತ್ತಾರೆ. ಪರೀಕ್ಷಿಸುವವರ ಒಂದು ಕೈ ರೋಗಿಯ ಬೆನ್ನ ಮೇಲೇ ಇರುವುದು ಈ ಕಾರಣಕ್ಕೆ.

ರೋಗಿ ತಾನೇ ಎತ್ತುವುದಕ್ಕೂ ಬೇರೆಯವರು ಎತ್ತುವುದಕ್ಕೂ ಬಹಳ ವ್ಯತ್ಯಾಸವಿದೆ. ಇಬ್ಬರು ಎತ್ತಿದರೂ ಕೈ ಒಂದೇ ಕಡೆ ನಿಂತುಬಿಟ್ಟರೆ ಕೀಲೇ ಬಿಗಿದಿದೆ ಎಂದರ್ಥ. ಸಕ್ಕರೆ ಕಾಯಿಲೆಯವರನ್ನು ಹೆಚ್ಚಾಗಿ ಕಾಡುವ, ಬಾಸ್ಟನ್ನಿನ ಶಸ್ತ್ರವೈದ್ಯ ಕಾಡ್‌ಮನ್ 1934ರಲ್ಲಿ ‘ಫ್ರೋಜನ್ ಶೋಲ್ಡರ್’ ಎಂದು ಹೆಸರಿಟ್ಟ ತೊಂದರೆ ಈ ಬಗೆಯದು. ಬೇರೆಯವರು ಎತ್ತಿದಾಗ ಸಲೀಸಾಗಿ ಮೇಲೇರುವ ಕೈ ತಾನಾಗಿ ಏಳದಿದ್ದರೆ ದೋಷ ಸ್ನಾಯುವಿನಲ್ಲೋ, ಅದರ ಕಂಡರದಲ್ಲೋ, ನರದಲ್ಲೋ ಇರಬಹುದು. ಒಂದು ಕೀಲಿನ ಪ್ರಶ್ನೆ, ಇನ್ನೊಂದು ಬಲದ ಪ್ರಶ್ನೆ.

ಬಾಸ್ಟನ್ನಿನ ಅಳತೆಗೋಲು

ಬಲವನ್ನು ಅಳೆಯುವ ವಿಧಾನ ಹುಟ್ಟಿದ್ದು ಪೋಲಿಯೋದಿಂದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಈ ರೋಗ ಮತ್ತೆ ಮತ್ತೆ ಹಬ್ಬಿತು. 1916ರ ಒಂದೇ ವರ್ಷ ದೇಶದಲ್ಲಿ ಸುಮಾರು 27,000 ಮಂದಿಗೆ ತಗುಲಿ ಸುಮಾರು 6,000 ಮಂದಿ ಸತ್ತರು. ಬದುಕಿದ ಮಕ್ಕಳ ಕೈಕಾಲು ಸೋತವು. ಕೈಯಲ್ಲಿ ಪೋಲಿಯೋ ಹೆಚ್ಚಾಗಿ ಹಿಡಿಯುತ್ತಿದ್ದುದು ಭುಜದ ದುಂಡನ್ನು ಮುಚ್ಚಿರುವ ಡೆಲ್ಟಾಯ್ಡ್ ಸ್ನಾಯುವನ್ನು. ಅದು ಸೋತ ಮಗುವಿಗೆ ಬೆರಳುಗಳು ನೆಟ್ಟಗಿದ್ದರೂ ತಲೆ ಬಾಚಿಕೊಳ್ಳಲಾಗದು.

ಬಾಸ್ಟನ್ನಿನ ಮೂಳೆವೈದ್ಯ ರಾಬರ್ಟ್ ಲವೆಟ್ ಅವರ ಬಳಿ ಇಂಥ ಮಕ್ಕಳು ಬರುತ್ತಿದ್ದರು. ಅವರಿಗೆ ವ್ಯಾಯಾಮ ಚಿಕಿತ್ಸೆ ನೀಡುತ್ತಿದ್ದ ವಿಲ್ಹೆಲ್ಮೀನ್ ರೈಟ್ ಎಂಬ ಮಹಿಳೆ 1912ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. ಅವರ ಉಪಾಯ ಸರಳ. ಎಲ್ಲರಿಗೂ ಎಲ್ಲ ಕಡೆಯೂ ಸಮನಾಗಿರುವ ಭಾರ ಒಂದಿದೆ, ಅದು ಭೂಮಿಯ ಸೆಳೆತ. ಕುಳಿತ ಮಗು ತೋಳನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತಿದರೆ ಆ ಸ್ನಾಯು ಭೂಮಿಯ ಸೆಳೆತವನ್ನು ಗೆದ್ದಿದೆ. ಎತ್ತಲಾಗದಿದ್ದರೆ ಅಂಗಾತ ಮಲಗಿಸಿ, ತೋಳನ್ನು ಹಾಸಿಗೆಯ ಮೇಲೆಯೇ ಪಕ್ಕಕ್ಕೆ ಜರುಗಿಸಲು ಹೇಳುವುದು. ಆಗ ತೋಳಿನ ಭಾರ ಹಾಸಿಗೆಯ ಮೇಲಿರುತ್ತದೆ. ಅದೂ ಆಗದಿದ್ದರೆ ಬೆರಳಿಟ್ಟು ಸ್ನಾಯು ಮಿಡಿಯುತ್ತದೆಯೇ ಎಂದು ನೋಡುವುದು. ಇದನ್ನೇ ಬೆಳೆಸಿ ಲವೆಟ್ ಸ್ನಾಯುಬಲವನ್ನು ಆರು ದರ್ಜೆಗಳಾಗಿ ವಿಂಗಡಿಸಿದರು. ಅವರು ಹಾರ್ವರ್ಡಿನ ಮಾರ್ಟಿನ್ ಜೊತೆಗೂಡಿ ಸ್ಪ್ರಿಂಗ್ ತಕ್ಕಡಿಯಿಂದಲೂ ಬಲವನ್ನು ಅಳೆದು ನೋಡಿದ್ದುಂಟು. ಆದರೆ ತಕ್ಕಡಿಗಿಂತ ಕೈ ಪರೀಕ್ಷೆಯೇ ಹೆಚ್ಚು ಕಡೆ ನೆಲೆಯೂರಿತು.

ಈ ಅಳತೆಯಿಂದ ಒಂದು ಭರವಸೆಯೂ ಮೂಡಿತು. ‘ಸತ್ತುಹೋಗಿದೆ’ ಎಂದುಕೊಂಡ ಅನೇಕ ಸ್ನಾಯುಗಳು ಸತ್ತಿರಲಿಲ್ಲ, ಬಲಹೀನವಾಗಿದ್ದವು. ಅಂಥವನ್ನು ಅತಿಯಾಗಿ ದಣಿಸದೆ, ಅಳೆದು ಸುರಿದಂತೆ ವ್ಯಾಯಾಮ ಮಾಡಿಸಬೇಕಿತ್ತು. 1921ರ ಆಗಸ್ಟ್‌ನಲ್ಲಿ ಫ್ರಾಂಕ್ಲಿನ್ ರೂಸ್ವೆಲ್ಟ್ ಕಾಯಿಲೆ ಬಿದ್ದಾಗ ಅದು ಪೋಲಿಯೋ ಎಂದು ಖಚಿತಪಡಿಸಿದವರು ಇದೇ ಲವೆಟ್. ರೂಸ್ವೆಲ್ಟರ ತೋಳು, ಹೆಗಲುಗಳು ಚೇತರಿಸಿಕೊಂಡವು, ಕಾಲುಗಳು ಚೇತರಿಸಲಿಲ್ಲ.

ಯುದ್ಧ ತಂದ ಅಂಕಿಗಳು

ಪದಗಳಲ್ಲಿದ್ದ ದರ್ಜೆಗಳ ಜಾಗದಲ್ಲಿ ಇಂದಿನ ಅಂಕಿಗಳು ಎಲ್ಲೆಡೆ ರೂಢಿಗೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಗುಂಡೇಟಿನಿಂದ ನರ ತುಂಡಾದ ಸೈನಿಕ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದ. ನರ ಮತ್ತೆ ಕೂಡುತ್ತಿದೆಯೇ ಎಂದು ತಿಳಿಯಬೇಕಾದರೆ ಎಲ್ಲ ವೈದ್ಯರೂ ಒಂದೇ ಭಾಷೆಯಲ್ಲಿ ಬರೆದಿರಬೇಕು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1943ರ ತನ್ನ ಕೈಪಿಡಿಯಲ್ಲಿ ಈ ಭಾಷೆಯನ್ನು ಒದಗಿಸಿತು. ಏನೂ ಇಲ್ಲದಿದ್ದರೆ 0, ಮಿಡಿತವಷ್ಟೇ ಇದ್ದರೆ 1, ಭಾರ ತಪ್ಪಿಸಿದಾಗ ಚಲಿಸಿದರೆ 2, ಭೂಮಿಯ ಸೆಳೆತ ಮೀರಿ ಎತ್ತಿದರೆ 3, ಒತ್ತಡವನ್ನೂ ತಡೆದರೆ 4, ಸಹಜ ಬಲಕ್ಕೆ 5.

ಕೋನದ ಅಳತೆಗೂ ಯುದ್ಧದ ನಂಟಿದೆ. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡವರ ಅಂಗವೈಕಲ್ಯವನ್ನು ದಾಖಲಿಸಲು ಫ್ರಾನ್ಸಿನಲ್ಲಿ ಗೊನಿಯೋಮೀಟರ್ ಬಳಸಲಾಯಿತು. ಶಾಲಾ ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ಎರಡು ತೋಳು ಜೋಡಿಸಿದಂತಿರುವ ಉಪಕರಣವದು. ಆದರೆ ಸೊನ್ನೆ ಎಲ್ಲಿಂದ ಎಂಬುದರಲ್ಲೇ ಒಮ್ಮತವಿರಲಿಲ್ಲ. 1936ರಲ್ಲಿ ಕೇವ್ ಮತ್ತು ರಾಬರ್ಟ್ಸ್ ಎಂಬ ಶಸ್ತ್ರವೈದ್ಯರು ನೆಟ್ಟಗೆ ನಿಂತು ಕೈ ಇಳಿಬಿಟ್ಟ ಭಂಗಿಯನ್ನೇ ಸೊನ್ನೆ ಎಂದು ಹಿಡಿಯಲು ಸೂಚಿಸಿದರು. 1965ರಲ್ಲಿ ಅಮೆರಿಕದ ಮೂಳೆ ಶಸ್ತ್ರವೈದ್ಯರ ಅಕಾಡೆಮಿ ಆ ಕ್ರಮದ ಕೈಪಿಡಿಯನ್ನು ಪ್ರಕಟಿಸಿದ ಮೇಲೆ ಅದು ವ್ಯಾಪಕವಾಯಿತು.

ಕೈ ಪರೀಕ್ಷೆಯ ಅತಿ ದೊಡ್ಡ ಸತ್ವಪರೀಕ್ಷೆ ನಡೆದದ್ದು 1954ರಲ್ಲಿ. ಜೋನಾಸ್ ಸಾಲ್ಕ್ ಅವರ ಪೋಲಿಯೋ ಲಸಿಕೆಯ ಪ್ರಯೋಗದಲ್ಲಿ ಸುಮಾರು 18 ಲಕ್ಷ ಮಕ್ಕಳು ಪಾಲ್ಗೊಂಡರು. ರೋಗ ಬಂದವರಲ್ಲಿ ನಿಜವಾಗಿ ಯಾರ ಸ್ನಾಯು ಸೋತಿದೆ, ಎಷ್ಟು ಸೋತಿದೆ ಎಂದು ಹೇಳಲು ತರಬೇತಾದ ಫಿಸಿಯೋಥೆರಪಿಸ್ಟರು ಮಕ್ಕಳ ಒಂದೊಂದೇ ಸ್ನಾಯುವನ್ನು ಪರೀಕ್ಷಿಸಿದರು. ಕೆಲವು ವಾರಗಳ ನಂತರ ಮತ್ತೊಮ್ಮೆ ಪರೀಕ್ಷಿಸಿದರು. 1955ರ ಏಪ್ರಿಲ್ 12ರಂದು ಲಸಿಕೆ ಗೆದ್ದಿತೆಂಬ ಸುದ್ದಿ ಹೊರಬಿತ್ತು. ಪ್ರಯೋಗಾಲಯದ ಗಾಜಿನ ನಳಿಗೆಗಳ ಜೊತೆಗೆ ಅನುಭವಸ್ಥ ಕೈಗಳೂ ಆ ತೀರ್ಪಿನಲ್ಲಿ ಪಾಲುದಾರರಾಗಿದ್ದವು.

ನಮ್ಮ ನಾಡಿನ ಲೆಕ್ಕ

ಭಾರತ ಪೋಲಿಯೋ ಮುಕ್ತವೆನಿಸಿದ್ದು 2014ರ ಮಾರ್ಚ್ 27ರಂದು. ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡಿತ್ತು. ಮಗುವಿನ ಕೈಕಾಲು ಹಠಾತ್ತನೆ ಸೋತರೆ ಮಲದ ಮಾದರಿಯನ್ನು ಪರೀಕ್ಷೆಗೆ ಕಳಿಸುವುದಲ್ಲದೆ, 60 ದಿನಗಳ ಬಳಿಕ ಬಲಹೀನತೆ ಉಳಿದಿದೆಯೇ ಎಂದು ನೋಡುವುದೂ ನಮ್ಮ ಕಣ್ಗಾವಲಿನ ಭಾಗ. ಲಸಿಕೆಯ ಪ್ರಯೋಗದ ಕಾಲದ ಮರುಪರೀಕ್ಷೆಯ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತಿದೆ.

ಆದರೆ ಸಾಮಾನ್ಯ ಓದುಗನಿಗೆ ಈ ಅಂಕಿಗಳು ಎದುರಾಗುವುದು ಹೆಚ್ಚಾಗಿ ಇನ್ನೊಂದು ಕಡೆ, ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ. ನಮ್ಮ ಸರ್ಕಾರದ ಮಾರ್ಗಸೂಚಿ ತೋಳಿನ ವೈಕಲ್ಯವನ್ನು ಲೆಕ್ಕ ಹಾಕುವಾಗ ಕೀಲಿನ ಕೋನ, ಸ್ನಾಯುವಿನ ಬಲ ಮತ್ತು ಕೈಗೂಡುವ ಕೆಲಸಗಳನ್ನು ಪರಿಗಣಿಸುತ್ತದೆ. ಬಲಕ್ಕೆ ಬಳಸುವುದು ಬ್ರಿಟಿಷ್ ಮಂಡಳಿಯ ಅದೇ 0ಯಿಂದ 5ರ ದರ್ಜೆ. ದರ್ಜೆ 4 ಎಂದರೆ ಶೇ 20 ನಷ್ಟ, 3 ಎಂದರೆ ಶೇ 40, 2 ಎಂದರೆ ಶೇ 60. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಮೀಸಲಾತಿಯಂಥ ಸೌಲಭ್ಯಗಳಿಗೆ ಒಟ್ಟು ವೈಕಲ್ಯ ಕನಿಷ್ಠ ಶೇ 40 ಇರಬೇಕು. ಸ್ನಾಯುವಿನ ಈ ದರ್ಜೆ ಒಟ್ಟು ಲೆಕ್ಕದ ಒಂದು ಭಾಗ ಮಾತ್ರ. ಆದರೂ ಅಂಚಿನಲ್ಲಿರುವವರಿಗೆ ಅವಸರದಲ್ಲಿ ಬರೆದ 3 ಅಥವಾ 4 ಬದುಕಿನ ಪ್ರಶ್ನೆಯಾಗಬಲ್ಲದು.

ಈ ಅಳತೆಗೂ ಮಿತಿಗಳಿವೆ. 4ನೆಯ ದರ್ಜೆ ಬಹಳ ಅಗಲವಾದದ್ದು. ಬೆರಳಿನ ಒತ್ತಡವನ್ನಷ್ಟೇ ತಡೆಯುವವರೂ, ಕಟ್ಟುಮಸ್ತಾದವರನ್ನೇ ತಡೆಯಬಲ್ಲವರೂ ಅದರೊಳಗೆ ಬರುತ್ತಾರೆ. 5 ಎಂದ ಮಾತ್ರಕ್ಕೆ ಎಲ್ಲ ಸರಿಯೆಂದೂ ಅಲ್ಲ. ಇಂಗ್ಲೆಂಡಿನ ಶಸ್ತ್ರವೈದ್ಯ ಶರಾರ್ಡ್ 1950ರ ದಶಕದಲ್ಲಿ ಪೋಲಿಯೋದಿಂದ ತೀರಿಕೊಂಡವರ ಬೆನ್ನುಹುರಿಯ ನರಕೋಶಗಳನ್ನು ಎಣಿಸಿ, ಅವರ ಹಳೆಯ ದಾಖಲೆಗಳಿಗೆ ಹೋಲಿಸಿದರು. ‘ಸಹಜ’ ಎಂದು ಬರೆದ ಸ್ನಾಯುಗಳಲ್ಲೂ ಅರ್ಧಕ್ಕಿಂತ ಹೆಚ್ಚು ನರಕೋಶಗಳು ಅಳಿದಿದ್ದವು. ಉಳಿದವು ಇಮ್ಮಡಿ ದುಡಿಯುತ್ತಿದ್ದವು.

ಈ ಮಾತು ಇಂದಿಗೂ ಮುಖ್ಯ. ಪೋಲಿಯೋ ಹೋಗಿದೆ, ಆದರೆ ಅದರಿಂದ ಕಾಲು ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ದಶಕಗಳಿಂದ ಊರುಗೋಲಿನ ಮೇಲೆ, ಕೈಯಿಂದ ತಿರುಗಿಸುವ ತ್ರಿಚಕ್ರ ಗಾಡಿಯ ಮೇಲೆ ಬದುಕು ಸಾಗಿಸಿದವರ ಮೈಭಾರವನ್ನೆಲ್ಲ ಹೊತ್ತದ್ದು ಹೆಗಲೇ. ವಯಸ್ಸಾದಂತೆ ಆ ಹೆಗಲು ಸವೆಯುತ್ತದೆ, ದುಡಿದ ನರಗಳೂ ದಣಿಯುತ್ತವೆ. ‘ಮೊದಲಿನ ಹಾಗೆ ಆಗುತ್ತಿಲ್ಲ’ ಎಂದು ಅವರು ಬಂದಾಗ, ವಯಸ್ಸಿನ ದೋಷವೆಂದು ಕೈ ಝಾಡಿಸುವುದು ಸುಲಭ. ಹಿಂದಿನ ವರ್ಷ ಎಷ್ಟು ಡಿಗ್ರಿ, ಯಾವ ದರ್ಜೆ ಎಂದು ಯಾರಾದರೂ ಬರೆದಿಟ್ಟಿದ್ದರೆ ಮಾತ್ರ ಅವರ ದೂರಿಗೆ ಆಧಾರ ಸಿಗುತ್ತದೆ. ಒಂದು ಕೈ, ಒಂದು ಕೋನಮಾಪಕ, ಹತ್ತು ನಿಮಿಷ ತಾಳ್ಮೆ: ಇದಕ್ಕೆ ಬೇಕಾದದ್ದು ಇಷ್ಟೇ. ಬಡ ಆಸ್ಪತ್ರೆಗೂ ಇದು ಭಾರವಾಗದು.