ಗಿರಣಿ ಊರಿಗೆ ಸೇನೆ ಬಂದಾಗ

1930ರ ಮೇ 12ರಂದು ಸೋಲಾಪುರದ ಆಡಳಿತ ಸೈನ್ಯದ ಕೈಗೆ ಹೋಯಿತು. ಯುದ್ಧವಿರಲಿಲ್ಲ, ಶತ್ರುದೇಶದ ದಾಳಿಯೂ ಇರಲಿಲ್ಲ. ಆದರೂ ಜೂನ್ ಕೊನೆಯವರೆಗೆ, ಹತ್ತಿರ ಹತ್ತಿರ ಏಳು ವಾರ, ಊರಿನಲ್ಲಿ ನಡೆದದ್ದು ಮಾರ್ಷಲ್ ಲಾ. ಬ್ರಿಟಿಷರನ್ನು ಅಷ್ಟು ಕಂಗೆಡಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು ಬಟ್ಟೆ ಗಿರಣಿಗಳ ಕೆಲಸಗಾರರು.

ಸೋಲಾಪುರ ಬೆಳೆದದ್ದೇ ಗಿರಣಿಗಳಿಂದ. 1870ರ ದಶಕದಲ್ಲಿ ಶುರುವಾದ ಮೊದಲ ಗಿರಣಿಯನ್ನು ಜನ ಇಂದಿಗೂ ‘ಜುನಿ ಗಿರಣಿ’, ಅಂದರೆ ಹಳೆಯ ಗಿರಣಿ, ಎನ್ನುತ್ತಾರೆ. ಆಮೇಲೆ ನರಸಿಂಗ ಗಿರಜಿ, ಲಕ್ಷ್ಮಿ, ವಿಷ್ಣು ಗಿರಣಿಗಳು ಬಂದವು. ಗಿರಣಿಯ ಭೋಂಗಾ (ಸೈರನ್) ಕೂಗಿದರೆ ಊರು ಏಳುತ್ತಿತ್ತು, ಪಾಳಿ ಬದಲಾಗುತ್ತಿತ್ತು. ಒಳಗೆ ಮಗ್ಗದ ಮುಂದೆ ತೆಲುಗಿನ ಪದ್ಮಶಾಲಿಗಳು, ಮರಾಠಿಗರು, ಮುಸಲ್ಮಾನರು, ಕನ್ನಡದ ಲಿಂಗಾಯತರು ಜೊತೆಯಾಗಿ ನಿಲ್ಲುತ್ತಿದ್ದರು. ಪಕ್ಕದ ಅಕ್ಕಲಕೋಟೆ ಭೋಸಲೆ ಅರಸರ ಸಂಸ್ಥಾನವಾಗಿದ್ದರೂ, ಅದರ ಮೇಲೆ ಕಣ್ಣಿಟ್ಟಿದ್ದ ಬ್ರಿಟಿಷ್ ರಾಜಕೀಯ ಏಜೆಂಟ್ ಸೋಲಾಪುರದ ಕಲೆಕ್ಟರನೇ. ಅಲ್ಲಿಂದ ಹೊಟ್ಟೆಪಾಡಿಗೆ ಗಿರಣಿ ಹುಡುಕಿ ಬಂದವನಿಗೆ ಎರಡೂ ಕಡೆ ಒಬ್ಬನೇ ಸಾಹೇಬ.

ಮುಂಬಯಿಯಲ್ಲಿ 1928ರ ದೊಡ್ಡ ಮುಷ್ಕರ ಗಿರಣಿ ಕಾಮಗಾರ್ ಯೂನಿಯನ್ನಿಗೆ ಹೆಸರು ತಂದಿತ್ತು. ಸೋಲಾಪುರದ ಸಂಘಟನೆಗೆ ಆ ಬಲ ಇರಲಿಲ್ಲ. ಹಾಗಿದ್ದೂ ಮೇ 5ರಂದು ಗಾಂಧೀಜಿಯವರ ಬಂಧನದ ಸುದ್ದಿ ಬಂದ ಮೇಲೆ ಇಲ್ಲಿನ ಗಿರಣಿಗಳು ನಿಂತವು. ಯಾರದೋ ಅಪ್ಪಣೆಗೆ ಕಾಯದೆ ಸಾವಿರಾರು ಮಂದಿ ಮಗ್ಗ ಬಿಟ್ಟು ಬೀದಿಗೆ ಬಂದದ್ದು ಈ ಕಥೆಯ ಅತಿ ದೊಡ್ಡ ಸಂಗತಿ.

ಮೇ 8ರಂದು ರೂಪಾಭವಾನಿ ಗುಡಿಯ ಕಡೆ ಜನ ಈಚಲು ಮರ ಕಡಿಯತೊಡಗಿದರು. ಹೆಂಡದ ಸುಂಕ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿತ್ತಲ್ಲ, ಅದರ ಮೇಲಿನ ಸಿಟ್ಟು. ಪೊಲೀಸರು ಕೆಲವರನ್ನು ಹಿಡಿದರು, ಗುಂಪು ಬಿಡಿಸಿಕೊಳ್ಳಲು ಹೋಯಿತು. ಕಲೆಕ್ಟರ್ ನೈಟ್ ಸುತ್ತ ಜನ ಮುತ್ತಿದಾಗ ಅವರನ್ನು ತಡೆದು ಸಮಾಧಾನಪಡಿಸಿದವರು ಕಾಂಗ್ರೆಸ್ಸಿನ ಮಲ್ಲಪ್ಪ ಧನಶೆಟ್ಟಿ ಎಂದು ಸೋಲಾಪುರ ಇಂದಿಗೂ ಹೇಳುತ್ತದೆ. ಆದರೆ ಬಾವುಟ ಹಿಡಿದಿದ್ದ ತರುಣ ಶಂಕರ ಶಿವದಾರೆ ಗುಂಡಿಗೆ ಬಲಿಯಾದ. ಜನ ಕೆರಳಿದರು. ಪೊಲೀಸ್ ಚೌಕಿಗೆ ಬೆಂಕಿ ಬಿತ್ತು, ಪೊಲೀಸರು ಸತ್ತರು, ಕೋರ್ಟೂ ಉರಿಯಿತು. ಅದರ ಮುಂದಿನ ದಿನಗಳಲ್ಲಿ ಸರ್ಕಾರದವರು ಹಿಂದೆ ಸರಿದಿದ್ದರು. ಕಾಂಗ್ರೆಸ್ಸಿನ ಸ್ವಯಂಸೇವಕರೇ ರಸ್ತೆಗೆ ನಿಂತು ಓಡಾಟ ನೋಡಿಕೊಂಡರು.

ಆಮೇಲೆ ಬಂದದ್ದು ಸೈನ್ಯ. ಮಾರ್ಷಲ್ ಲಾ ದಿನಗಳಲ್ಲಿ ಗಾಂಧಿ ಟೋಪಿ ತೊಡುವುದೂ ಅಪರಾಧದಂತೆ ಆಯಿತು, ದಾರಿಯಲ್ಲಿ ಸಿಪಾಯಿಗಳು ತಲೆಯ ಮೇಲಿನ ಟೋಪಿ ತೆಗೆಸುತ್ತಿದ್ದರು. ಬಾವುಟ ಹಿಡಿದವರಿಗೆ ಜೈಲು. ಬಿಳಿ ಖಾದಿ ಬಟ್ಟೆಯ ಒಂದು ತುಂಡಿಗೆ ಬಂದೂಕು ಹಿಡಿದವರು ಹೆದರಿದ್ದನ್ನು ಇತಿಹಾಸ ಮರೆಯಬಾರದು. ಸೇನೆಯ ನ್ಯಾಯ ಕೊಟ್ಟ ಶಿಕ್ಷೆಗಳು ಮುಂಬಯಿ ಹೈಕೋರ್ಟಿನ ಮೆಟ್ಟಿಲೇರಿದವು. ಅಂಥ ಒಂದು ಮೊಕದ್ದಮೆಯಿಂದಾಗಿ ಚನ್ನಪ್ಪ ಶಾಂತಿರಪ್ಪ ಎಂಬ ಅಚ್ಚಗನ್ನಡದ ಹೆಸರು ಕಾನೂನು ವರದಿಗಳಲ್ಲಿ ಉಳಿದುಕೊಂಡಿದೆ.

ಬಂದೂಕಿನೆದುರು ನಿಂತ ಕಾರ್ಮಿಕರು ಬೇರೆ ಊರಲ್ಲೂ ಇದ್ದರು. ಹನ್ನೊಂದು ವರ್ಷಗಳ ಮೇಲೆ, 1941ರ ಫೆಬ್ರುವರಿಯಲ್ಲಿ, ಆಮ್‌ಸ್ಟರ್‌ಡ್ಯಾಮಿನ ಟ್ರಾಮ್ ನೌಕರರು ಮತ್ತು ಇತರ ಕಾರ್ಮಿಕರು ಯಹೂದಿಗಳನ್ನು ಹಿಡಿದೊಯ್ಯುವುದರ ವಿರುದ್ಧ ಜರ್ಮನ್ ಸೇನೆಯೆದುರು ಕೆಲಸ ನಿಲ್ಲಿಸಿದರು. ಆ ಮುಷ್ಕರ ಯುರೋಪಿನಲ್ಲಿ ಹೆಸರಾಗಿದೆ. ಸೋಲಾಪುರದ ಗಿರಣಿಯವರದ್ದು ನಮ್ಮವರೇ ಓದಿದ್ದು ಕಡಿಮೆ.

ಸೋಲಾಪುರದ ಪೊಲೀಸರ ಸಾವಿನ ಮೊಕದ್ದಮೆಯಲ್ಲಿ ನಾಲ್ವರಿಗೆ ಗಲ್ಲು: ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್. ಕೊನೆಯವನು ಕಾರ್ಮಿಕರ ನಡುವೆ ದುಡಿಯುತ್ತಿದ್ದ, ಪತ್ರಿಕೆ ನಡೆಸುತ್ತಿದ್ದ, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಕಲೆಕ್ಟರನ ಜೀವ ಉಳಿಸಿದ ಧನಶೆಟ್ಟಿಗೂ ಅದೇ ಕುಣಿಕೆ ಸಿಕ್ಕಿತು. ಒಬ್ಬ ಲಿಂಗಾಯತ, ಒಬ್ಬ ಮಾರವಾಡಿ, ಒಬ್ಬ ಮರಾಠಿಗ, ಒಬ್ಬ ಮುಸಲ್ಮಾನ. 1931ರ ಜನವರಿ 12ರಂದು ಪುಣೆಯ ಯೆರವಡಾ ಜೈಲಿನಲ್ಲಿ ಅವರನ್ನು ಗಲ್ಲಿಗೇರಿಸಿದರು. ಸೋಲಾಪುರದಲ್ಲಿ ಆಗ ಸಿದ್ಧರಾಮನ ಸಂಕ್ರಾಂತಿ ಜಾತ್ರೆಯ ಹೊತ್ತು. ಎರಡು ವಾರ ಕಳೆದು, 26ರಂದು, ಅದೇ ಸರ್ಕಾರ ಗಾಂಧೀಜಿಯವರನ್ನು ಜೈಲಿನಿಂದ ಬಿಟ್ಟು ಮಾತುಕತೆಗೆ ದಾರಿ ಮಾಡಿತು. ಆ ನಾಲ್ವರಿಗೆ ಹದಿನೈದು ದಿನ ಹೆಚ್ಚು ಸಿಕ್ಕಿದ್ದರೆ?

ಗಿರಣಿಯವರು ಮಾತ್ರ ಅಲ್ಲಿಗೆ ಸುಮ್ಮನಾಗಲಿಲ್ಲ. 1934ರಲ್ಲಿ ಕೂಲಿಗಾಗಿ ಸೋಲಾಪುರದ ಗಿರಣಿಗಳು ಮತ್ತೆ ನಿಂತವು, ಈ ಸಲ ಕೆಂಬಾವುಟದ ಯೂನಿಯನ್ನಿನ ಜೊತೆಗೆ.