ಪೂಸಾದ ರೆಕ್ಕೆಯಿಲ್ಲದ ನೊಣ

ನೋಯ್ಡಾದಿಂದ ಬ್ಲೂ ಲೈನ್ ಹತ್ತಿ ಪಟೇಲ್ ನಗರದ ಕಡೆ ಹೋಗೋ ನಮಗೆ ಪೂಸಾ ಅಂದ್ರೆ ಗೋಧಿ ತಳಿಗಳ ಕ್ಯಾಂಪಸ್, ಅಷ್ಟೇ. ಆದರೆ 1973ರಲ್ಲಿ ಅಲ್ಲಿನ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಆರ್. ಪಿ. ಶರ್ಮಾ ಒಂದು ವಿಚಿತ್ರ ಹಣ್ಣುನೊಣದ ಬಗ್ಗೆ ವರದಿ ಮಾಡಿದರು. ಕೆಲವಕ್ಕೆ ಒಂದು ರೆಕ್ಕೆ ಇಲ್ಲ, ಕೆಲವಕ್ಕೆ ಎರಡೂ ಇಲ್ಲ. ಇಟ್ಟ ಹೆಸರು 'ವಿಂಗ್‌ಲೆಸ್'. 1976ರಲ್ಲಿ ವಿ. ಎಲ್. ಚೋಪ್ರಾ ಜೊತೆ ಸೇರಿ ವಿವರವಾಗಿ ಬರೆದರು.

1982ರಲ್ಲಿ ಅಮೆರಿಕದಲ್ಲಿ ನುಸ್ಸೆ ಮತ್ತು ವಾರ್ಮಸ್ ಇಲಿಯ ಸ್ತನಗಡ್ಡೆಯಲ್ಲಿ 'ಇಂಟ್-1' ಜೀನ್ ಪತ್ತೆಹಚ್ಚಿದರು. 1987ರಲ್ಲಿ ಗೊತ್ತಾಯ್ತು, ಎರಡೂ ಒಂದೇ ವಂಶದ್ದು! ಹೆಸರುಗಳನ್ನು ಮರ್ಜ್ ಮಾಡಿ ಆ ವಂಶಕ್ಕೆ 'ವಿಂಟ್' ಅಂದರು. ಅದರ ಮೊದಲಕ್ಷರ ದೆಹಲಿಯದು. ಇಷ್ಟು ವರ್ಷ ಇಲ್ಲೇ ಇದ್ದೂ ನನಗಿದು ಗೊತ್ತಿರಲಿಲ್ಲ.

ಈ ಪ್ರೋಟೀನು ಒಂದು ಜೀವಕೋಶದಿಂದ ಹೊರಬಂದು, ನೀನು ಏನಾಗಬೇಕು ಅಂತ ಪಕ್ಕದ ಕೋಶಗಳಿಗೆ ಹೇಳುತ್ತೆ. ಕಣ್ಣಿಗೆ ಕಾಣಲ್ಲ. ಅದಕ್ಕೇ ಆಂಟಿಬಾಡಿ ಬೇಕು. ಸ್ಟೀಫನ್ ಕೋಹೆನ್ ಪ್ರಯೋಗಾಲಯದ '4ಡಿ4' ವಿಂಗ್‌ಲೆಸ್ ಪ್ರೋಟೀನನ್ನೇ ಹುಡುಕಿ ಅಂಟಿಕೊಳ್ಳುತ್ತೆ, ಕೋಡಿನಲ್ಲಿ ನಾವು ಹಾಕೋ ಲಾಗ್ ಲೈನ್ ಥರ. ಹೊಳೆಯೋ ಬಣ್ಣ ಸೇರಿಸಿದ್ರೆ ಮರಿಹುಳದೊಳಗೆ, ಮುಂದೆ ರೆಕ್ಕೆಯ ಅಂಚಾಗುವ ಜಾಗದಲ್ಲಿ, ತೆಳ್ಳನೆ ಗೆರೆ ಮೂಡುತ್ತೆ. ಅಯೋವಾ ವಿಶ್ವವಿದ್ಯಾಲಯದ ಹೈಬ್ರಿಡೋಮಾ ಬ್ಯಾಂಕಿನಲ್ಲಿ ಆ ಆಂಟಿಬಾಡಿಗೆ ಇವತ್ತಿಗೂ ಇರೋದು ಪೂಸಾದಲ್ಲಿ ಇಟ್ಟ ಹೆಸರೇ.