ಪರವೂರಿನಲ್ಲಿ ಗೆದ್ದ ಆರು ಅಂಕ

ಮೆಲ್ಬರ್ನ್‌ನಿಂದ ಸಿಡ್ನಿಗೆ ರಸ್ತೆ ಹಿಡಿದು ಹೋದರೆ ಸುಮಾರು 880 ಕಿಲೋಮೀಟರ್. ಬೆಂಗಳೂರಿನಿಂದ ಮುಂಬಯಿಗೆ ಬಸ್ಸಿನಲ್ಲಿ ಓಡಾಡಿದವರಿಗೆ ಈ ದೂರದ ಅಂದಾಜು ಸುಲಭವಾಗಿ ಸಿಗುತ್ತದೆ, ನಡುವೆ ಬರುವ ಊರುಗಳು ಮಾತ್ರ ತೀರ ಕಡಿಮೆ. 2016ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಈ ಹ್ಯೂಮ್ ಹೆದ್ದಾರಿಯ ಮೇಲೆ ಕೆಂಪು, ಬಿಳಿ, ನೀಲಿ ಬಣ್ಣದ ಸ್ಕಾರ್ಫುಗಳನ್ನು ಕಿಟಕಿಗೆ ಸಿಕ್ಕಿಸಿಕೊಂಡ ಕಾರುಗಳೂ ಬಸ್ಸುಗಳೂ ಉತ್ತರಕ್ಕೆ ಹೊರಟವು. ಒಳಗಿದ್ದವರು ವೆಸ್ಟರ್ನ್ ಬುಲ್‌ಡಾಗ್ಸ್ ಎಂಬ ಫುಟ್‌ಬಾಲ್ ತಂಡದ ಅಭಿಮಾನಿಗಳು. 24ರ ಶನಿವಾರ ಸಂಜೆ ಸಿಡ್ನಿಯಲ್ಲಿ ಆ ತಂಡಕ್ಕೆ ಒಂದು ಪಂದ್ಯವಿತ್ತು. ಎದುರಾಳಿಯ ಊರು, ಎದುರಾಳಿಯ ಅಂಗಳ, ಗೆಲ್ಲುವ ನೆಚ್ಚಿನ ತಂಡವೂ ಎದುರಾಳಿಯೇ. ಹೊರಟವರಲ್ಲಿ ಹೆಚ್ಚಿನವರು ಇಂಥ ಪಂದ್ಯಗಳಲ್ಲಿ ಸೋತು ಸೋತು ಪಳಗಿದವರು.

ಫುಟ್‌ಬಾಲ್ ಎಂದಾಗ ನಮಗೆ ಹೊಳೆಯುವ ಆಟ ಇದಲ್ಲ. ಆಸ್ಟ್ರೇಲಿಯನ್ ರೂಲ್ಸ್ ಹುಟ್ಟಿದ್ದು 1850ರ ದಶಕದ ಕೊನೆಯಲ್ಲಿ, ಮೆಲ್ಬರ್ನ್‌ನಲ್ಲಿ. ಕ್ರಿಕೆಟ್ ಆಡುವಂಥ ದೊಡ್ಡ ಮೊಟ್ಟೆಯಾಕಾರದ ಮೈದಾನದಲ್ಲಿ ಒಂದೊಂದು ಕಡೆ ಹದಿನೆಂಟು ಜನ ಆಡುತ್ತಾರೆ. ಚೆಂಡೂ ಮೊಟ್ಟೆಯಂತೆಯೇ ಉದ್ದ. ಅದನ್ನು ಒದೆಯಬಹುದು, ಕೈಯಲ್ಲಿ ಹಿಡಿದು ಮುಷ್ಟಿಯಿಂದ ಗುದ್ದಿ ಸಂಗಾತಿಗೆ ದಾಟಿಸಬಹುದು, ಎಸೆಯುವಂತಿಲ್ಲ. ಮೈದಾನದ ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಚೆಂಡು ಹೋದರೆ ಗೋಲು, ಅದಕ್ಕೆ ಆರು ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ಅದು ಬಿಹೈಂಡ್, ಒಂದೇ ಅಂಕ. ಗುರಿ ತಪ್ಪಿದವನಿಗೂ ಒಂದು ಅಂಕ ಕೊಡುವ ಆಟ ಎಂದು ಹೊರಗಿನವರು ನಗುತ್ತಾರೆ. ಆ ಒಂದೊಂದು ಅಂಕ ಎಷ್ಟು ಭಾರವಾಗಬಲ್ಲದು ಎಂಬುದು ಬುಲ್‌ಡಾಗ್ಸ್ ಅಭಿಮಾನಿಗಳಿಗೆ ಗೊತ್ತು.

ತಂಡದ ಮೊದಲ ಹೆಸರು ಫುಟ್‌ಸ್ಕ್ರೇ. ಮೆಲ್ಬರ್ನ್‌ನ ಪಶ್ಚಿಮಕ್ಕೆ, ಮರಿಬಿರ್ನಾಂಗ್ ನದಿಯಾಚೆಗಿನ ಕೂಲಿಕಾರರ ಬಡಾವಣೆ ಅದು. ಕಾರ್ಖಾನೆಗಳು, ಕಸಾಯಿಖಾನೆಗಳು, ರೈಲ್ವೆ ಯಾರ್ಡುಗಳ ನಡುವೆ ಬೆಳೆದ ಊರು. ಯುದ್ಧದ ನಂತರ ಯುರೋಪಿನಿಂದ, ಆಮೇಲೆ ವಿಯೆಟ್ನಾಮಿನಿಂದ ವಲಸೆ ಬಂದವರು ಇಲ್ಲಿ ನೆಲೆ ಕಂಡರು. ಇನ್ನೂ ಪಶ್ಚಿಮದ ಹೊಸ ಬಡಾವಣೆಗಳಲ್ಲಿ ಇಂದು ಪಂಜಾಬಿ ಧಾರಾಳವಾಗಿ ಕಿವಿಗೆ ಬೀಳುತ್ತದೆ, ಕನ್ನಡದ ಮನೆಗಳೂ ಇವೆ. ನದಿಯ ಪೂರ್ವದ ಸಿರಿವಂತ ಮೆಲ್ಬರ್ನ್ ಈ ಕಡೆಯನ್ನು ಸದಾ ಕೊಂಚ ಮೂಗು ಮುರಿದೇ ನೋಡಿತು. ವಿಕ್ಟೋರಿಯನ್ ಫುಟ್‌ಬಾಲ್ ಲೀಗಿಗೆ ಫುಟ್‌ಸ್ಕ್ರೇಗೆ ಪ್ರವೇಶ ಸಿಕ್ಕಿದ್ದೇ 1925ರಲ್ಲಿ. 1954ರಲ್ಲಿ ಚಾರ್ಲಿ ಸಟನ್ ಮುಂದಾಳುತನದಲ್ಲಿ ಮೆಲ್ಬರ್ನ್ ತಂಡವನ್ನು 51 ಅಂಕಗಳಿಂದ ಸೋಲಿಸಿ ಚಾಂಪಿಯನ್ ಆಯಿತು. 1961ರಲ್ಲಿ ಮತ್ತೊಮ್ಮೆ ಗ್ರ್ಯಾಂಡ್ ಫೈನಲ್ ತಲುಪಿ ಹಾಥಾರ್ನ್ ಎದುರು ಸೋತಿತು. ಅಷ್ಟೇ. ಅಲ್ಲಿಂದ ಮುಂದೆ ಐವತ್ತೈದು ವರ್ಷ ಆ ಬಾಗಿಲು ತೆರೆಯಲಿಲ್ಲ.

ಆ ಕಾಲದಲ್ಲಿ ಪರವೂರಿನ ಪಂದ್ಯ ಎಂದರೆ ಟ್ರಾಮಿನಲ್ಲೋ ಲೋಕಲ್ ರೈಲಿನಲ್ಲೋ ಅರ್ಧ ಗಂಟೆಯ ದಾರಿ. ಹನ್ನೆರಡು ತಂಡಗಳಲ್ಲಿ ಹನ್ನೊಂದು ಮೆಲ್ಬರ್ನ್‌ನವೇ. ಒಂದು ಜೀಲಾಂಗ್ ಮಾತ್ರ ಎಪ್ಪತ್ತೈದು ಕಿಲೋಮೀಟರ್ ಆಚೆ, ಅದೇ ದೂರಪ್ರಯಾಣ. ಪ್ರತಿ ಬಡಾವಣೆಗೂ ತನ್ನದೇ ಮೈದಾನ: ಕಾಲಿಂಗ್‌ವುಡ್‌ಗೆ ವಿಕ್ಟೋರಿಯಾ ಪಾರ್ಕ್, ಎಸೆಂಡನ್‌ಗೆ ವಿಂಡಿ ಹಿಲ್, ಫುಟ್‌ಸ್ಕ್ರೇಗೆ ವೆಸ್ಟರ್ನ್ ಓವಲ್. ಶನಿವಾರ ಮಧ್ಯಾಹ್ನ ಇಡೀ ಊರು ಪರಸ್ಪರರ ಓಣಿಗಳಿಗೆ ಹೋಗಿ ಕೂಗಾಡಿ, ಕತ್ತಲಾಗುವುದರೊಳಗೆ ಮನೆ ಸೇರುತ್ತಿತ್ತು. ಹೆಂಗಸರೂ ಅಜ್ಜಿಯರೂ ದೊಡ್ಡ ಸಂಖ್ಯೆಯಲ್ಲಿ ಹೋಗುತ್ತಿದ್ದದ್ದು ಈ ಆಟದ ಹಳೆಯ ವಿಶೇಷ. ತಂಡವನ್ನು ಬೆಂಬಲಿಸುವುದಕ್ಕೆ ಅಲ್ಲಿನವರು ಬಳಸುವ ಮಾತು ‘ಬ್ಯಾರಕ್’ ಮಾಡುವುದು. ಹೊಸಬರು ಎದುರಾದರೆ, ಯಾರಿಗೆ ಬ್ಯಾರಕ್ ಮಾಡುತ್ತೀರಿ ಎಂಬ ಪ್ರಶ್ನೆ ಬೇಗನೇ ಬರುತ್ತದೆ. ಉತ್ತರ ಸಾಮಾನ್ಯವಾಗಿ ಅಪ್ಪನಿಂದಲೋ ಅಜ್ಜನಿಂದಲೋ ಬಂದ ಆಸ್ತಿ.

1980ರ ದಶಕದಲ್ಲಿ ಈ ಲೋಕ ಒಡೆಯಿತು. ಕ್ಲಬ್ಬುಗಳು ಸಾಲದಲ್ಲಿದ್ದವು, ಲೀಗಿಗೆ ದೇಶವಿಡೀ ಹರಡುವ ಹಂಬಲವಿತ್ತು. 1982ರಲ್ಲಿ ಸೌತ್ ಮೆಲ್ಬರ್ನ್ ತಂಡವನ್ನು ಸಿಡ್ನಿಗೆ ಸಾಗಿಸಲಾಯಿತು. 1987ರಲ್ಲಿ ಪರ್ತ್‌ನಿಂದಲೂ ಬ್ರಿಸ್ಬೇನ್‌ನಿಂದಲೂ ತಂಡಗಳು ಸೇರಿದವು. 1989ರ ಅಕ್ಟೋಬರ್ ಆರಂಭದಲ್ಲಿ ಫುಟ್‌ಸ್ಕ್ರೇಯ ಸರದಿ ಬಂತು: ತಂಡವನ್ನು ಫಿಟ್ಜ್‌ರಾಯ್ ಜೊತೆ ವಿಲೀನ ಮಾಡಿ ಫಿಟ್ಜ್‌ರಾಯ್ ಬುಲ್‌ಡಾಗ್ಸ್ ಎಂದು ಕರೆಯುವುದಾಗಿ ಘೋಷಣೆಯಾಯಿತು. ಹೆಸರಿನಲ್ಲಿ ಫುಟ್‌ಸ್ಕ್ರೇ ಇರಲೇ ಇಲ್ಲ. ಅಭಿಮಾನಿಗಳು ಕೋರ್ಟಿಗೆ ಹೋದರು, ಹಣ ಹೊಂದಿಸಲು ಮೂರು ವಾರಗಳ ಕಾಲಾವಕಾಶ ಗಿಟ್ಟಿಸಿದರು. ಪೀಟರ್ ಗಾರ್ಡನ್ ಎಂಬ ಯುವ ವಕೀಲರು ಮುಂದೆ ನಿಂತರು. ಡಬ್ಬಿ ಹಿಡಿದು ಮನೆಮನೆಗೆ, ಬೀದಿಬೀದಿಗೆ ಅಲೆದು ಚಿಲ್ಲರೆ ಕಾಸು ಕೂಡಿಸಿದರು. ವೆಸ್ಟರ್ನ್ ಓವಲ್‌ನಲ್ಲಿ ಸಾವಿರಾರು ಜನ ಸೇರಿ ಸಭೆ ನಡೆಸಿದರು. ಹತ್ತು ಲಕ್ಷಕ್ಕೂ ಹೆಚ್ಚು ಡಾಲರ್ ಸೇರಿತು, ವಿಲೀನ ನಿಂತಿತು. ಫಿಟ್ಜ್‌ರಾಯ್‌ಗೆ ಅಂಥ ಅದೃಷ್ಟ ಇರಲಿಲ್ಲ. 1996ರಲ್ಲಿ ಅದು ಬ್ರಿಸ್ಬೇನ್ ತಂಡದೊಳಗೆ ಕರಗಿಹೋಯಿತು. ಅದೇ ವರ್ಷದ ಕೊನೆಗೆ ಫುಟ್‌ಸ್ಕ್ರೇ ಉಳಿವಿಗಾಗಿ ತನ್ನ ಹೆಸರನ್ನೇ ವೆಸ್ಟರ್ನ್ ಬುಲ್‌ಡಾಗ್ಸ್ ಎಂದು ಬದಲಿಸಿಕೊಂಡಿತು. ಈಗ ವಿಟನ್ ಓವಲ್ ಎಂದು ಕರೆಸಿಕೊಳ್ಳುವ ಹಳೆಯ ಅಂಗಳದಲ್ಲಿ ಕೊನೆಯ ಲೀಗ್ ಪಂದ್ಯ ನಡೆದದ್ದು 1997ರಲ್ಲಿ. ಊರ ಹೆಸರೂ ಹೋಯಿತು, ಊರ ಮೈದಾನವೂ ಹೋಯಿತು. ತಂಡ ಉಳಿಯಿತು.

ಉಳಿದ ತಂಡ ಗೆಲ್ಲಲಿಲ್ಲ. ಗ್ರ್ಯಾಂಡ್ ಫೈನಲ್‌ಗೆ ಒಂದು ಮೆಟ್ಟಿಲು ಕೆಳಗಿರುವ ಪಂದ್ಯಕ್ಕೆ ಅಲ್ಲಿ ಪ್ರಿಲಿಮಿನರಿ ಫೈನಲ್ ಎನ್ನುತ್ತಾರೆ, ನಮ್ಮ ಲೆಕ್ಕದಲ್ಲಿ ಸೆಮಿಫೈನಲ್. 1985, 1992, 1997, 1998, 2008, 2009, 2010, ಹೀಗೆ ಏಳು ಸಲ ಬುಲ್‌ಡಾಗ್ಸ್ ಆ ಮೆಟ್ಟಿಲಿನಿಂದಲೇ ಜಾರಿತು. ಅತಿ ಹೆಚ್ಚು ನೋಯಿಸಿದ್ದು 1997. ಅಡಿಲೇಡ್ ಎದುರು ಬಹಳ ಹೊತ್ತು ಮುಂದಿದ್ದ ತಂಡ ಕೊನೆಯ ಕ್ವಾರ್ಟರಿನಲ್ಲಿ ಕುಸಿಯತೊಡಗಿತ್ತು. ಟೋನಿ ಲಿಬರಾಟೋರ್ ಒದ್ದ ಚೆಂಡು ಗೋಲಾಯಿತೆಂದು ಅವನೇ ಕೈಯೆತ್ತಿ ಕುಣಿದ. ಅಂಪೈರ್ ಕೊಟ್ಟದ್ದು ಬಿಹೈಂಡ್. ಪಂದ್ಯ ಮುಗಿದಾಗ ಅಂತರ ಎರಡೇ ಅಂಕ. ಅಂದು ಅಡಿಲೇಡ್ ಹೊಡೆದದ್ದು ಹನ್ನೆರಡು ಗೋಲು, ಬುಲ್‌ಡಾಗ್ಸ್ ಹೊಡೆದದ್ದು ಹದಿಮೂರು. ಹೆಚ್ಚು ಗೋಲು ಹೊಡೆದು ಸೋತ ಪಂದ್ಯ ಅದು. ಆ ಚೆಂಡು ಕಂಬದ ಯಾವ ಬದಿಯಲ್ಲಿ ಹೋಯಿತು ಎಂಬ ವಾದ ಪಶ್ಚಿಮದ ಮನೆಗಳಲ್ಲಿ ಇಂದಿಗೂ ತೀರಿಲ್ಲ.

2016ರಲ್ಲಿ ತಂಡದಲ್ಲಿದ್ದ ಟಾಮ್ ಲಿಬರಾಟೋರ್ ಆ ಟೋನಿಯ ಮಗ. ಕೋಚ್ ಲ್ಯೂಕ್ ಬೆವರಿಜ್. ಕ್ಲಬ್ಬಿನ ಅಧ್ಯಕ್ಷರು ಮತ್ತೆ ಅದೇ ಪೀಟರ್ ಗಾರ್ಡನ್. ನಾಯಕ ಬಾಬ್ ಮರ್ಫಿ 2008ರಿಂದ 2010ರವರೆಗಿನ ಮೂರೂ ಸೋಲುಗಳಲ್ಲಿ ಆಡಿದವನು. ಈ ವರ್ಷ ಮೂರನೇ ವಾರದಲ್ಲೇ ಮೊಣಕಾಲು ಮುರಿದುಕೊಂಡು ಹೊರಗೆ ಕುಳಿತಿದ್ದ. ಲೀಗ್ ಹಂತದಲ್ಲಿ ತಂಡಕ್ಕೆ ಏಳನೇ ಸ್ಥಾನ, ಹಾಗಾಗಿ ಸ್ವಂತ ಊರಿನ ಅನುಕೂಲ ಯಾವ ಪಂದ್ಯಕ್ಕೂ ಇಲ್ಲ. ಮೊದಲು ಪರ್ತ್‌ಗೆ ಹಾರಿ ವೆಸ್ಟ್ ಕೋಸ್ಟ್ ತಂಡವನ್ನು 47 ಅಂಕಗಳಿಂದ ಸೋಲಿಸಿತು, ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಹಿಂದಿನ ಮೂರು ವರ್ಷವೂ ಚಾಂಪಿಯನ್ ಆಗಿದ್ದ ಹಾಥಾರ್ನ್ ಅನ್ನು ಮುಂದಿನ ವಾರ 23 ಅಂಕಗಳಿಂದ ಮನೆಗೆ ಕಳಿಸಿತು. ಉಳಿದದ್ದು ಸಿಡ್ನಿಯ ಗ್ರೇಟರ್ ವೆಸ್ಟರ್ನ್ ಸಿಡ್ನಿ ಜೈಂಟ್ಸ್.

ಈ ಎದುರಾಳಿಯನ್ನು ಅರ್ಥ ಮಾಡಿಕೊಳ್ಳದೆ ಆ ಸಂಜೆ ಅರ್ಥವಾಗದು. ಜೈಂಟ್ಸ್ ಯಾವ ಓಣಿಯಲ್ಲೂ ಹುಟ್ಟಿದ ತಂಡವಲ್ಲ. ರಗ್ಬಿ ಲೀಗಿನ ನೆಲವಾದ ಪಶ್ಚಿಮ ಸಿಡ್ನಿಯಲ್ಲಿ ಆಟವನ್ನು ಬಿತ್ತಲು ಲೀಗೇ ನಿರ್ಮಿಸಿ 2012ರಲ್ಲಿ ಕಣಕ್ಕಿಳಿಸಿದ ತಂಡ. ದೇಶದ ಪ್ರತಿಭಾವಂತ ಹುಡುಗರನ್ನು ಮೊದಲು ಆರಿಸಿಕೊಳ್ಳುವ ಹಕ್ಕನ್ನೂ ಅದಕ್ಕೆ ಧಾರಾಳವಾಗಿ ಕೊಟ್ಟಿತ್ತು. ಅದಕ್ಕಿಂತ ಹತ್ತಿರದ ಉರಿಯೂ ಇತ್ತು. ಜೈಂಟ್ಸ್ ನಾಯಕರಲ್ಲೊಬ್ಬ ಕ್ಯಾಲನ್ ವಾರ್ಡ್ ಬುಲ್‌ಡಾಗ್ಸ್‌ನಿಂದ ಹೋದವನು. ಕೋಚ್ ಲಿಯಾನ್ ಕ್ಯಾಮರಾನ್ 1990ರ ದಶಕವಿಡೀ ಬುಲ್‌ಡಾಗ್ಸ್‌ಗೆ ಆಡಿದವರು. 2014ರ ಕೊನೆಗೆ ಬುಲ್‌ಡಾಗ್ಸ್ ನಾಯಕ ರಯನ್ ಗ್ರಿಫಿನ್‌ನೇ ಜೈಂಟ್ಸ್ ಸೇರಿದ. ಬದಲಿಗೆ ಬಂದವನು ಟಾಮ್ ಬಾಯ್ಡ್, 2013ರ ಡ್ರಾಫ್ಟಿನಲ್ಲಿ ದೇಶದ ಮೊದಲ ಆಯ್ಕೆ. ಒಂದೇ ವರ್ಷ ಆಡಿದ್ದ ಹುಡುಗನಿಗೆ ಏಳು ವರ್ಷಗಳ ಭಾರಿ ಒಪ್ಪಂದ. ಕೊಟ್ಟ ಹಣಕ್ಕೆ ತಕ್ಕ ಆಟ ಇಲ್ಲವೆಂದು ಎರಡು ವರ್ಷ ಅವನನ್ನು ಎಲ್ಲರೂ ಆಡಿಕೊಂಡರು.

ಅಂದು ಕ್ರೀಡಾಂಗಣದಲ್ಲಿದ್ದವರು 21,790. ಮೆಲ್ಬರ್ನ್‌ನ ಅಳತೆಗೆ ಇದು ಸಣ್ಣ ಜನ, ಆದರೆ ಅದರಲ್ಲಿ ಸಾವಿರಗಟ್ಟಲೆ ಹೆದ್ದಾರಿಯಲ್ಲಿ ಬಂದವರು. ಆಟ ಶುರುವಾದಾಗಿನಿಂದ ಯಾರೂ ಯಾರನ್ನೂ ಬಿಟ್ಟು ದೂರ ಹೋಗಲಿಲ್ಲ. ಮೂರು ಸಲ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಕ್ಲೇ ಸ್ಮಿತ್ ನಾಲ್ಕು ಗೋಲು ಹೊಡೆದ. ಘರ್ಷಣೆಯೊಂದರಲ್ಲಿ ವಾರ್ಡ್ ಪ್ರಜ್ಞೆ ತಪ್ಪಿ ಹೊರಹೋದ, ಬುಲ್‌ಡಾಗ್ಸ್‌ನ ರಕ್ ಆಟಗಾರ ಜೋರ್ಡನ್ ರಫ್‌ಹೆಡ್ ಕಣ್ಣಿಗೆ ಚೆಂಡು ಬಡಿಸಿಕೊಂಡು ಹೊರಗಾದ. ಆಟ ಮತ್ತೆ ಶುರುವಾಗುವಾಗ ಚೆಂಡಿಗಾಗಿ ಹಾರುವ ಆ ಕೆಲಸವನ್ನು ನಂತರ ಹೆಚ್ಚಾಗಿ ಹೊತ್ತವನು ಬಾಯ್ಡ್, ತನ್ನ ಹಳೆಯ ತಂಡದ ಎದುರು. ಕೊನೆಯ ಕ್ವಾರ್ಟರಿನ ಆರಂಭದಲ್ಲಿ ಜೈಂಟ್ಸ್ ಎರಡು ಗೋಲಿಗೂ ಮಿಕ್ಕಿ ಮುಂದೆ ಹೋಯಿತು. ಬುಲ್‌ಡಾಗ್ಸ್ ಬೆಂಬಲಿಗರಿಗೆ ಇದು ಪರಿಚಿತ ದೃಶ್ಯ, ಎಂಟನೇ ಸಲ ಅದೇ ಮೆಟ್ಟಿಲು. ಆದರೆ ಇಪ್ಪತ್ತು ವರ್ಷದ ಮಾರ್ಕಸ್ ಬೊಂಟೆಂಪೆಲ್ಲಿಯಂಥ ಹುಡುಗರಿಗೆ ಆ ಏಳು ಸೋಲುಗಳ ನೆನಪಿನ ಹೊರೆ ಇರಲಿಲ್ಲ. ಅವರು ಅಂತರ ಮುಚ್ಚಿದರು. ಕೊನೆಯ ನಿಮಿಷಗಳಲ್ಲಿ ಜಾಕ್ ಮೆಕ್ರೇ ಒದ್ದ ಗೋಲು ಮುನ್ನಡೆ ಕೊಟ್ಟಿತು. ಸೈರನ್ ಕೂಗಿದಾಗ ಬುಲ್‌ಡಾಗ್ಸ್ 89, ಜೈಂಟ್ಸ್ 83.

ಗೋಲು ಹದಿಮೂರು, ಎದುರಾಳಿಯದು ಹನ್ನೆರಡು. 1997ರದೇ ಲೆಕ್ಕ, ಈ ಸಲ ಬಿಹೈಂಡ್‌ಗಳು ಎರಡೂ ಕಡೆ ಹನ್ನೊಂದು.

ಮುಂದಿನ ವಾರ ವಿಟನ್ ಓವಲ್‌ನಲ್ಲಿ ತಂಡದ ಅಭ್ಯಾಸ ನೋಡಲು ಸಾವಿರಾರು ಜನ ಸೇರಿದರು. ಅಕ್ಟೋಬರ್ 1ರಂದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ 99,981 ಮಂದಿಯ ಎದುರು ಬುಲ್‌ಡಾಗ್ಸ್ ಸಿಡ್ನಿ ಸ್ವಾನ್ಸ್ ತಂಡವನ್ನು 22 ಅಂಕಗಳಿಂದ ಸೋಲಿಸಿತು. ಸ್ವಾನ್ಸ್ ಎಂದರೆ 1982ರಲ್ಲಿ ಊರು ಬಿಟ್ಟ ಆ ಸೌತ್ ಮೆಲ್ಬರ್ನೇ. ಬುಲ್‌ಡಾಗ್ಸ್ ಅಂಕ ಅಂದೂ ಹದಿಮೂರು ಗೋಲು, ಹನ್ನೊಂದು ಬಿಹೈಂಡ್, ಒಟ್ಟು 89. ಅರವತ್ತೆರಡು ವರ್ಷದ ಮೇಲೆ ಚಾಂಪಿಯನ್, ಅದೂ ಏಳನೇ ಸ್ಥಾನದಿಂದ ಬಂದು. ಹಾಗೆ ಗೆದ್ದ ಮೊದಲ ತಂಡ. ಬೆವರಿಜ್ ತಮ್ಮ ಕೊರಳಿನ ಪದಕ ತೆಗೆದು ಆಡಲಾಗದ ಮರ್ಫಿಯ ಕೊರಳಿಗೆ ಹಾಕಿದ ಚಿತ್ರ ದೇಶವಿಡೀ ಹರಡಿತು.

ಆದರೂ ಆ ವರ್ಷದ ಮಾತು ಬಂದಾಗ ಹಳೆಯ ಅಭಿಮಾನಿಗಳಲ್ಲಿ ಅನೇಕರು ಮೊದಲು ಹೇಳುವುದು ಸಿಡ್ನಿಯ ಸಂಜೆಯನ್ನು. ಕಾರಣ ಊಹಿಸುವುದು ಕಷ್ಟವಲ್ಲ. ಗ್ರ್ಯಾಂಡ್ ಫೈನಲ್ ಟಿಕೆಟ್ ಎಲ್ಲರಿಗೂ ಸಿಗುವುದಿಲ್ಲ, ಸದಸ್ಯರೂ ಚೀಟಿ ಎತ್ತಿ ಕಾಯಬೇಕು. ಸಿಡ್ನಿಗೆ ಹೋಗಲು ಬೇಕಾದದ್ದು ಒಂದು ಕಾರು, ಎರಡು ದಿನ, ಸೋಲಲು ತಯಾರಾದ ಮನಸ್ಸು. ಅವರು ಕಾಯುತ್ತಿದ್ದದ್ದು ಕಪ್ಪನ್ನೂ ಅಲ್ಲ, ಆ ಒಂದು ಮೆಟ್ಟಿಲು ದಾಟುವುದನ್ನು. ಇನ್ನೊಂದು ಕಾರಣ ಅಷ್ಟು ಸುಂದರವಲ್ಲ: ಬುಲ್‌ಡಾಗ್ಸ್‌ನಂಥ ತಂಡಗಳನ್ನು ಅಳಿಸಿ ಹೊಸದನ್ನು ನೆಡಬೇಕೆಂದಿದ್ದ ಧೋರಣೆಯ ಮೇಲೆ ತೀರಿಸಿಕೊಂಡ ಸೇಡು ಅದೆಂದು ಅವರಿಗೆ ಅನ್ನಿಸಿತು. ಇದರಲ್ಲಿ ಅರ್ಧ ಸತ್ಯವಿದೆ. ಲೀಗ್ ದೇಶವಿಡೀ ಹರಡಿದ್ದರಿಂದ ಬಂದ ಟೆಲಿವಿಷನ್ ಹಣದಲ್ಲೇ ಮೆಲ್ಬರ್ನ್‌ನ ಬಡ ಕ್ಲಬ್ಬುಗಳು ಉಸಿರಾಡುತ್ತಿರುವುದು. ಆ ಹೊತ್ತಿಗೆ ಜೈಂಟ್ಸ್‌ಗೂ ತನ್ನದೇ ಚಿಕ್ಕ ಮಕ್ಕಳ ಅಭಿಮಾನಿ ಬಳಗ ಹುಟ್ಟಿತ್ತು. ಅಂದು ಕಿತ್ತಳೆ ಬಣ್ಣದ ಅಂಗಿ ತೊಟ್ಟು ಅಳುತ್ತ ಮನೆಗೆ ಹೋದ ಮಕ್ಕಳಿಗೆ 1989ರ ಜಗಳ ಗೊತ್ತಿರಲಿಲ್ಲ.

ಗೆದ್ದವರಿಗೂ ಮುಂದಿನ ದಿನಗಳು ಹಗುರಾಗಲಿಲ್ಲ. ಮರುವರ್ಷ ತಂಡ ಫೈನಲ್ ಹಂತಕ್ಕೂ ಬರಲಿಲ್ಲ. ಕ್ಲೇ ಸ್ಮಿತ್ ದೇಹ ಸಹಕರಿಸದೆ 2018ರಲ್ಲಿ ನಿವೃತ್ತನಾದ. ಗ್ರ್ಯಾಂಡ್ ಫೈನಲ್‌ನ ಕೊನೆಯಲ್ಲಿ ದೂರದಿಂದ ಗೋಲು ಒದ್ದು ಗೆಲುವನ್ನು ಭದ್ರಪಡಿಸಿದ್ದ ಬಾಯ್ಡ್, ಮಾನಸಿಕ ಆರೋಗ್ಯದ ತೊಂದರೆಯನ್ನು ಬಹಿರಂಗವಾಗಿ ಹೇಳಿಕೊಂಡು, ಒಪ್ಪಂದದ ದೊಡ್ಡ ಮೊತ್ತವನ್ನು ಬಿಟ್ಟು 2019ರಲ್ಲಿ ಆಟದಿಂದ ಹೊರನಡೆದ. ಅವನಿಗಾಗ ಇಪ್ಪತ್ತಮೂರು ವರ್ಷ.

2021ರ ಸೆಪ್ಟೆಂಬರಿನಲ್ಲಿ ಬುಲ್‌ಡಾಗ್ಸ್ ಮತ್ತೊಂದು ಪ್ರಿಲಿಮಿನರಿ ಫೈನಲ್ ಆಡಿತು, ಅದೂ ಪರವೂರಿನಲ್ಲಿ, ಅಡಿಲೇಡ್‌ನಲ್ಲಿ. ಪೋರ್ಟ್ ಅಡಿಲೇಡ್ ತಂಡವನ್ನು ಅದರದೇ ಅಂಗಳದಲ್ಲಿ 71 ಅಂಕಗಳಿಂದ ಬಡಿಯಿತು. ಕೋವಿಡ್ ಲಾಕ್‌ಡೌನಿನಲ್ಲಿದ್ದ ಮೆಲ್ಬರ್ನ್‌ನಿಂದ ಯಾರೂ ಹೊರಡುವಂತಿರಲಿಲ್ಲ, ರಾಜ್ಯಗಳ ಗಡಿಗಳು ಮುಚ್ಚಿದ್ದವು. ಫುಟ್‌ಸ್ಕ್ರೇಯ ಜನ ಅದನ್ನು ಮನೆಯೊಳಗೆ ಟಿವಿಯಲ್ಲಿ ನೋಡಿದರು.